ಎರಡನೇ ಲ್ಯಾಪಿಗೇ ಏದುಸಿರೇಕೆ?

ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆ ಹುಡುಕುವುದು ಕಷ್ಟ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ಕುಟುಂಬಗಳ ತಂಡ ಕಟ್ಟಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳ ಹಬ್ಬವಾಗಿತ್ತು. ಏಪ್ರಿಲ್ ಬಿಸಿಲಲ್ಲಿ ಮೈದಾನದ ಉದ್ದಗಲ ಓಡುವ, ಮರುದಿನ ತೋಟದ ಏರು ಹತ್ತುವ ಜನ ಇವರು. ಇಂಥ ಒಬ್ಬ ಮೂವತ್ತರ ಆಟಗಾರನನ್ನು 25 ಮೀಟರ್ ಈಜುಕೊಳಕ್ಕೆ ಇಳಿಸಿ ನೋಡಿ. ಮೊದಲ ಲ್ಯಾಪ್ ನೀರು ಚಿಮ್ಮಿಸಿಕೊಂಡು ಹಾರಿ ಹೋಗುತ್ತಾನೆ. ಎರಡನೆಯದರ ನಡುವೆ ಕೈ ಭಾರವಾಗುತ್ತದೆ. ಗೋಡೆ ಸಿಕ್ಕಿದೊಡನೆ ಎರಡೂ ಕೈಯಲ್ಲಿ ಅದನ್ನು ಹಿಡಿದು, ಬಾಯಿ ತೆರೆದು ನಿಲ್ಲುತ್ತಾನೆ. ಪಕ್ಕದ ಲೇನಿನಲ್ಲಿ, ಹೊಟ್ಟೆ ಸ್ವಲ್ಪ ಮುಂದೆ ಬಂದ ನಿವೃತ್ತ ನೌಕರರೊಬ್ಬರು ಯಾವ ಗಡಿಬಿಡಿಯೂ ಇಲ್ಲದೆ ಅತ್ತ ಹೋಗಿ ಇತ್ತ ಬರುತ್ತಲೇ ಇರುತ್ತಾರೆ.

‘ದಮ್ಮು ಸಾಲುತ್ತಿಲ್ಲ’ ಎಂದು ಆಟಗಾರ ಹೇಳುತ್ತಾನೆ. ನಿಜವಾಗಿ ಅವನ ಶ್ವಾಸಕೋಶಕ್ಕೂ ಹೃದಯಕ್ಕೂ ಏನೂ ಕೊರತೆಯಿಲ್ಲ. ಆ ನಿವೃತ್ತರಿಗಿಂತ ಅವನ ದಮ್ಮು ಎಷ್ಟೋ ಹೆಚ್ಚು. ಕೊರತೆ ಇರುವುದು ಅದನ್ನು ಖರ್ಚು ಮಾಡುವ ರೀತಿಯಲ್ಲಿ. ಲ್ಯಾಪ್ ಹೊಡೆಯುವ ತಾಕತ್ತು ಬೆಳೆಸಿಕೊಳ್ಳಬೇಕೆಂದು ಬರುವ ಬಹುಪಾಲು ಜನ ಮೊದಲ ತಿಂಗಳನ್ನು ಇನ್ನೂ ಜೋರಾಗಿ ಕೈ ಬೀಸುವುದರಲ್ಲಿ ಕಳೆದು, ಎರಡನೇ ತಿಂಗಳು ಪೂಲಿಗೆ ಬರುವುದನ್ನೇ ಬಿಡುತ್ತಾರೆ.

ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು. ನೆಲದ ಮೇಲೆ ಓಡುವಾಗ ನಮ್ಮನ್ನು ಹಿಂದಕ್ಕೆ ತಳ್ಳುವುದು ಗಾಳಿ ಮಾತ್ರ, ಅದು ಲೆಕ್ಕಕ್ಕೇ ಇಲ್ಲ. ನೀರಿನಲ್ಲಿ ಪ್ರತಿಯೊಂದು ಅಂಗವೂ ತಡೆ. ವೇಗ ಹೆಚ್ಚಿದಂತೆ ಈ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಏರುವುದು ಘನದ ಲೆಕ್ಕದಲ್ಲಿ. ಗಣಿತ ಬೇಡವೆನ್ನುವವರಿಗೆ ಒಂದೇ ಉದಾಹರಣೆ ಸಾಕು. 25 ಮೀಟರನ್ನು 30 ಸೆಕೆಂಡಿನಲ್ಲಿ ಈಜುವವನು ಅದನ್ನೇ 25 ಸೆಕೆಂಡಿನಲ್ಲಿ ಮುಗಿಸಲು ಹೊರಟರೆ ಉಳಿಯುವುದು ಬರೀ 5 ಸೆಕೆಂಡು. ಆದರೆ ಆ ಹೊತ್ತಿನಲ್ಲಿ ಅವನು ಹಾಕಬೇಕಾದ ಶಕ್ತಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಮೈದಾನದಲ್ಲಿ ಚೂರು ಜೋರಾಗಿ ಓಡಿದರೆ ಚೂರು ಹೆಚ್ಚು ಸುಸ್ತು. ನೀರಿನಲ್ಲಿ ಚೂರು ಜೋರಾದರೆ ದಿವಾಳಿ.

ಇದರ ಜೊತೆಗೆ ಕಾಲಿನ ಕಥೆಯಿದೆ. ಹಾಕಿ, ಫುಟ್ಬಾಲ್ ಆಡಿ ಬೆಳೆದವರ ತೊಡೆ ಗಟ್ಟಿ, ತೂಕ ಜಾಸ್ತಿ. ನೀರಿನಲ್ಲಿ ಅದು ಕೆಳಗೆ ಎಳೆಯುತ್ತದೆ. ಎದೆಯಲ್ಲಿ ಗಾಳಿಯಿರುವುದರಿಂದ ಮೇಲ್ಭಾಗ ತೇಲುತ್ತದೆ, ಸೊಂಟದಿಂದ ಕೆಳಗೆ ಇಳಿಯುತ್ತದೆ. ಇಳಿದದ್ದನ್ನು ಎತ್ತಲು ಅವರು ಕಾಲನ್ನು ಪಟಪಟನೆ ಬಡಿಯುತ್ತಾರೆ. ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ಅಲ್ಲಿಯೇ. ಅವು ಆಮ್ಲಜನಕ ಕಬಳಿಸಿದಷ್ಟು ಬೇರೆ ಯಾವುದೂ ಕಬಳಿಸದು. ಪ್ರತಿಯಾಗಿ ಕೊಡುವ ಮುನ್ನಡೆ ಮಾತ್ರ ಅಲ್ಪ. ಅದೂ ಸಾಲದೆಂಬಂತೆ ಓಡಿ ಓಡಿ ಬಿಗಿದ ಕಾಲ್ಗಂಟು ಹಿಂದಕ್ಕೆ ಚಾಚಿಕೊಳ್ಳುವುದೇ ಇಲ್ಲ. ಪಾದ ನೆಟ್ಟಗೆ ನೆಲ ನೋಡುತ್ತ ಬಡಿಯುತ್ತದೆ. ಕಿಕ್ ಬೋರ್ಡ್ ಹಿಡಿದು ಬರೀ ಕಾಲಿನಿಂದ ಸಾಗಲು ಹೇಳಿದರೆ ಒಳ್ಳೊಳ್ಳೆಯ ಓಟಗಾರರು ನಿಂತಲ್ಲೇ ನೀರು ಕಲಕುವುದನ್ನು ಯಾವ ಕೋಚ್ ಬೇಕಾದರೂ ತೋರಿಸಬಲ್ಲರು. ದೂರ ಈಜುವವರು ಕಾಲನ್ನು ಬಳಸುವುದು ದೇಹ ಮಟ್ಟಸವಾಗಿರಲಿ ಎಂದು. ಅನೇಕರು ಕೈ ಬೀಸಿಗೊಂದರಂತೆ ಹಗುರಾಗಿ ಒಮ್ಮೆ ಒದೆಯುತ್ತಾರೆ, ಅಷ್ಟೇ.

ಹೊಳೆಯಲ್ಲೋ ತೋಟದ ಕೆರೆಯಲ್ಲೋ ಬಾಳೆದಿಂಡು ಹಿಡಿದು ಈಜು ಕಲಿತವರಿಗೆ ಇನ್ನೊಂದು ಅಭ್ಯಾಸ ಅಂಟಿರುತ್ತದೆ: ತಲೆ ಮೇಲೆತ್ತಿ ಈಜುವುದು. ಹೊಳೆಯಲ್ಲಿ ಅದು ತಪ್ಪಲ್ಲ. ಮುಂದೆ ಬಂಡೆಯಿದೆಯೇ, ಮರದ ತುಂಡು ತೇಲಿ ಬರುತ್ತಿದೆಯೇ, ದಡ ಎಷ್ಟು ದೂರ ಎಂದು ನೋಡಲೇಬೇಕು. ಪೂಲಿನಲ್ಲಿ ನೋಡಲು ಏನೂ ಇಲ್ಲ, ತಳದಲ್ಲಿ ಕಪ್ಪು ಗೆರೆಯೊಂದನ್ನು ಬಿಟ್ಟು. ತಲೆ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ. ಗಲ್ಲ ಒಳಗೆಳೆದು, ಕಣ್ಣು ಆ ಗೆರೆಯ ಮೇಲಿಟ್ಟು, ಎದೆಯನ್ನು ತುಸು ನೀರಿಗೆ ಒತ್ತಿದರೆ ಸೊಂಟ ತಾನೇ ಮೇಲೆ ಬರುತ್ತದೆ. ಒಂದು ಪೈಸೆ ಫಿಟ್‌ನೆಸ್ ಹೆಚ್ಚಾಗದೆಯೇ ಇನ್ನೆರಡು ಲ್ಯಾಪ್ ಹೋಗಬಹುದು.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಉಸಿರು. ಉಸಿರು ತೆಗೆದುಕೊಳ್ಳಲಾಗದೆ ಸುಸ್ತಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಬಹಳ ಸಲ ಉಸಿರು ಬಿಡದೇ ಸುಸ್ತಾಗಿರುತ್ತದೆ. ನೆಲದ ಮೇಲೆ ನಾವು ಉಸಿರಾಟದ ಬಗ್ಗೆ ಯೋಚಿಸುವುದಿಲ್ಲ, ಬಂದದ್ದು ಹೋಗುತ್ತದೆ. ಮುಖ ನೀರಿಗೆ ಹೋದೊಡನೆ ಹೊಸಬರ ದೇಹ ಗಾಳಿಯನ್ನು ಬಿಗಿಹಿಡಿಯುತ್ತದೆ. ಮುಳುಗಿಬಿಟ್ಟೇನೆಂಬ ಹಳೆಯ ಭಯ ಅದು. ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತಾ ಹೋಗುತ್ತದೆ. ‘ಉಸಿರಾಡು, ಉಸಿರಾಡು’ ಎಂದು ಮಿದುಳು ಒತ್ತಾಯಿಸುವುದು ಮುಖ್ಯವಾಗಿ ಈ ಅನಿಲದ ಮಟ್ಟ ನೋಡಿಕೊಂಡು. ಆಮ್ಲಜನಕ ಸಾಕಷ್ಟಿದ್ದರೂ ಎದೆ ಒಡೆಯುವಂತಾಗುತ್ತದೆ. ಆಗ ಮುಖ ಹೊರಳಿಸುತ್ತಾರೆ. ಅರ್ಧ ಸೆಕೆಂಡಿನ ಸಮಯ. ಅಷ್ಟರಲ್ಲಿ ಹಳೆಯ ಗಾಳಿಯನ್ನು ಹೊರಹಾಕಿ ಹೊಸದನ್ನು ಎಳೆಯಬೇಕು. ಎರಡೂ ಅರೆಬರೆ. ಇದೇ ನಾಲ್ಕು ಸಲ ಆಯಿತೆಂದರೆ ಗೋಡೆ ಹಿಡಿಯದೆ ಗತಿಯಿಲ್ಲ.

ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಸಾಕು, ಎದೆಯ ಸುತ್ತ ನೀರಿನ ಒತ್ತಡ ಬೀಳುತ್ತದೆ, ಉಸಿರೆಳೆಯುವ ಸ್ನಾಯುಗಳಿಗೆ ಕೆಲಸ ಹೆಚ್ಚುತ್ತದೆ. ಓಟದಲ್ಲಿ ಈ ಸ್ನಾಯುಗಳಿಗೆ ಇಂಥ ತಾಲೀಮು ಸಿಕ್ಕಿರುವುದಿಲ್ಲ. ಅದಕ್ಕೇ ಹಾಕಿ ಆಟಗಾರನೂ ಇಲ್ಲಿ ಹೊಸಬನೇ.

ಮದ್ದು ಸರಳ, ಬೇಸರ ತರಿಸುವಂಥದ್ದು. ಎದೆಮಟ್ಟದ ನೀರಿನಲ್ಲಿ ನಿಂತು, ಗೋಡೆ ಹಿಡಿದು, ಮುಖ ಮುಳುಗಿಸಿ, ಮೂಗು ಬಾಯಿಯಿಂದ ನಿಧಾನ ಗುಳ್ಳೆ ಬಿಡಿ. ಪೂರ್ತಿ ಬಿಟ್ಟಾದ ಮೇಲೆ ಮುಖ ಪಕ್ಕಕ್ಕೆ ಹೊರಳಿಸಿ ಬಾಯಿಯಿಂದ ಎಳೆದುಕೊಳ್ಳಿ. ಮತ್ತೆ ಗುಳ್ಳೆ. ಪೂಲಿಗೆ ಬಂದ ದಿನವೆಲ್ಲ ಮೊದಲ ಐದು ನಿಮಿಷ ಇದಕ್ಕೆ. ಈಜುವಾಗಲೂ ಮುಖ ನೀರಿನಲ್ಲಿರುವಷ್ಟು ಹೊತ್ತೂ ಗುಳ್ಳೆ ಹೋಗುತ್ತಿರಬೇಕು, ಹೊರಳಿದಾಗ ಎಳೆಯುವ ಕೆಲಸ ಒಂದೇ ಉಳಿಯಬೇಕು. ಮೂರು ಕೈಗೊಮ್ಮೆ ಉಸಿರಾಡಿ, ಐದು ಕೈಗೊಮ್ಮೆ ಉಸಿರಾಡಿ ಎಂದು ಹೇಳುವವರು ಪೂಲಿನ ದಡದಲ್ಲಿ ಸಿಗುತ್ತಾರೆ. ದಮ್ಮು ಕಟ್ಟುವ ಹಂತದಲ್ಲಿರುವವರು ಅವರ ಮಾತು ಕೇಳಬೇಕಾಗಿಲ್ಲ. ಎರಡು ಕೈಗೊಮ್ಮೆ ಗಾಳಿ ತೆಗೆದುಕೊಳ್ಳಿ. ಅದೇನೂ ನಾಚಿಕೆಯ ಸಂಗತಿಯಲ್ಲ.

ಇಷ್ಟು ದಾರಿಗೆ ಬಂದ ಮೇಲೆ ತಾಕತ್ತು ಬೆಳೆಸುವ ಮಾತು. ಇಲ್ಲಿ ಎಲ್ಲರೂ ಮಾಡುವುದು ಒಂದೇ: ನಿಲ್ಲದೆ ಎಷ್ಟು ಹೋಗಬಹುದೋ ಅಷ್ಟು ಹೋಗಿ, ಸುಸ್ತಾಗಿ ನಿಂತು, ಮರುದಿನ ಅದಕ್ಕಿಂತ ಒಂದು ಲ್ಯಾಪ್ ಹೆಚ್ಚು ಹೋಗಲು ನೋಡುವುದು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಸುಸ್ತಾದವನ ಕೊನೆಯ ಎರಡು ಲ್ಯಾಪ್ ಹೇಗಿರುತ್ತವೆಂದು ಗಮನಿಸಿ. ಸೊಂಟ ಇಳಿದು, ಕೈ ಅಡ್ಡಾದಿಡ್ಡಿ ಬಿದ್ದು, ತಲೆ ಮೇಲೆದ್ದಿರುತ್ತದೆ. ದೇಹ ಆ ಹೊತ್ತಿನಲ್ಲಿ ಕಲಿಯುವುದು ಆ ಕೆಟ್ಟ ಈಜನ್ನೇ.

ಇದಕ್ಕೆ ಬದಲು ದೂರವನ್ನು ತುಂಡು ಮಾಡಿ, ನಡುನಡುವೆ ಅಳತೆಯ ವಿರಾಮ ಇಟ್ಟು ಈಜುವ ಕ್ರಮವಿದೆ. ಅದನ್ನು ಈಜಿನಲ್ಲಿ ಚಾಲ್ತಿಗೆ ತಂದವರಲ್ಲಿ ಪ್ರಮುಖರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಇದೇ ಕೌನ್ಸಿಲ್‌ಮನ್ ಅವರ ಶಿಷ್ಯ. ದೊಡ್ಡ ಪೂಲುಗಳ ಗೋಡೆಯ ಮೇಲೆ ಸೆಕೆಂಡಿನ ಮುಳ್ಳು ತಿರುಗುತ್ತಿರುವ ಭಾರಿ ಗಡಿಯಾರ ಕಂಡಿದ್ದರೆ, ಅದನ್ನು ಬಳಕೆಗೆ ತಂದ ಶ್ರೇಯಸ್ಸೂ ಅವರಿಗೇ ಸಲ್ಲುತ್ತದೆ. ಶಿಷ್ಯರಿಗೆ ಹೇಳಿಕೊಟ್ಟು ಸುಮ್ಮನಾಗದೆ 1979ರಲ್ಲಿ, ತಮ್ಮ 58ನೇ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನೇ ಈಜಿ ದಾಟಿದರು. ‘ನಮಗಿನ್ನು ವಯಸ್ಸಾಯಿತು ಬಿಡಿ’ ಎನ್ನುವ ನಲವತ್ತೈದರ ತೋಟದ ಮಾಲೀಕರಿಗೆ ಈ ಸುದ್ದಿ ತಲುಪಲಿ.

ನಮ್ಮ ಲೆಕ್ಕಕ್ಕೆ ಇಳಿಸಿದರೆ ಹೀಗೆ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ವಾರಕ್ಕೊಮ್ಮೆ ಎರಡು ಗಂಟೆ ಈಜಿದರೆ ಅದರ ಅರ್ಧದಷ್ಟೂ ಫಲವಿಲ್ಲ. ನೀರಿನ ಹಿಡಿತ ಮೈಗೆ ಮರೆತುಹೋಗುತ್ತದೆ. ಮೊದಲೆರಡು ವಾರ 25 ಮೀಟರಿನ ಎಂಟು ಹತ್ತು ತುಂಡು. ಪ್ರತಿ ತುಂಡಿನ ಬಳಿಕ ಅರ್ಧ ನಿಮಿಷ, ಬೇಕಾದರೆ ಇನ್ನೂ ಹತ್ತು ಸೆಕೆಂಡು ನಿಲ್ಲಿ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ತಡವರಿಸದೆ ಆಡಲು ಬಂದರೆ ಹೊರಡಬಹುದು, ಬಾರದಿದ್ದರೆ ಹಿಂದಿನ ಲ್ಯಾಪ್ ಜೋರಾಯಿತೆಂದು ಅರ್ಥ. ಹತ್ತನೆಯ ತುಂಡು ಮೊದಲನೆಯದರಷ್ಟೇ ಸಮಯ ತೆಗೆದುಕೊಳ್ಳಬೇಕು. ಗಡಿಯಾರ ನೋಡಿ ಈಜಬೇಕಾದದ್ದು ಈ ಸಮತೋಲಕ್ಕೆ, ವೇಗಕ್ಕಲ್ಲ.

ಅದು ಹಗುರಾಯಿತೆನಿಸಿದಾಗ 50ಕ್ಕೆ ಹೋಗಿ. ಎಂಟು ಹತ್ತು 50ಗಳು ಸಮ ವೇಗದಲ್ಲಿ ಬಂದ ಮೇಲೆ ನೂರು. ಐದೋ ಆರೋ ನೂರು, ನಡುವೆ ಇಪ್ಪತ್ತು ಮೂವತ್ತು ಸೆಕೆಂಡು. ತುಂಡು ಉದ್ದ ಮಾಡಿದ ವಾರ ವಿರಾಮ ಕಡಿಮೆ ಮಾಡಬೇಡಿ, ವಿರಾಮ ಕಡಿಮೆ ಮಾಡಿದ ವಾರ ಉದ್ದ ಹೆಚ್ಚಿಸಬೇಡಿ. ಒಟ್ಟು ದೂರ ವಾರದಿಂದ ವಾರಕ್ಕೆ ಹತ್ತರಲ್ಲೊಂದು ಪಾಲು ಏರಿದರೆ ಸಾಕು. ಹೀಗೆ ಹೋದ ಸಾಮಾನ್ಯ ಆರೋಗ್ಯವಂತರು ಮೂರು ನಾಲ್ಕು ತಿಂಗಳಲ್ಲಿ ನಿಲ್ಲದೆ 1 ಕಿಲೋಮೀಟರ್, ಅಂದರೆ 25 ಮೀಟರ್ ಪೂಲಿನ 40 ಲ್ಯಾಪ್, ಮುಗಿಸುವುದು ಅಪರೂಪವೇನಲ್ಲ. ಆ ಒಂದು ಕಿಲೋಮೀಟರನ್ನು ಪ್ರತಿದಿನ ಪರೀಕ್ಷಿಸಲು ಹೋಗಬೇಡಿ. ತಿಂಗಳಿಗೊಮ್ಮೆ ಸಾಕು.

ಒಳಗೆ ನಡೆಯುವುದೇನೆಂದರೆ, ಮೊದಲ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚುವುದಕ್ಕೆ ಇನ್ನಷ್ಟು ವಾರ. ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುವುದು ಅದಕ್ಕೂ ತಡವಾಗಿ. ಭುಜದ ಸ್ನಾಯುರಜ್ಜುಗಳು ಎಲ್ಲಕ್ಕಿಂತ ನಿಧಾನ. ಎದೆ ‘ಇನ್ನೂ ಹೋಗು’ ಎನ್ನುವ ಹೊತ್ತಿಗೆ ಭುಜ ಇನ್ನೂ ತಯಾರಿರುವುದಿಲ್ಲ. ಆರೇಳನೇ ವಾರದಲ್ಲಿ ಭುಜದ ಮುಂಭಾಗದಲ್ಲಿ ಚುಳುಕು ಕಾಣಿಸಿಕೊಂಡರೆ ಅದು ಇದೇ ಅಂತರದ ಫಲ. ಎರಡು ದಿನ ಬಿಟ್ಟು, ದೂರವನ್ನು ಅರ್ಧಕ್ಕಿಳಿಸಿ. ನೋವು ನುಂಗಿ ಈಜುವುದು ಶೌರ್ಯವೆಂದು ಸೇನೆಯ ನಾಡಿನಲ್ಲಿ ಹೇಳುವವರಿದ್ದಾರೆ; ಭುಜದ ವಿಷಯದಲ್ಲಿ ಅದು ಮೂರ್ಖತನ.

ಸ್ವಲ್ಪ ಪಳಗಿದ ಮೇಲೆ ನಿಮ್ಮ ವೇಗ ಯಾವುದೆಂದು ತಿಳಿಯಲು ಕೋಚ್‌ಗಳು ಬಳಸುವ ಲೆಕ್ಕವೊಂದಿದೆ. ಒಂದೇ ದಿನ, ನಡುವೆ ಚೆನ್ನಾಗಿ ಸುಧಾರಿಸಿಕೊಂಡು, 400 ಮೀಟರ್ ಮತ್ತು 200 ಮೀಟರ್ ಶಕ್ತಿ ಇದ್ದಷ್ಟೂ ಹಾಕಿ ಈಜಿ ಸಮಯ ಬರೆದುಕೊಳ್ಳಿ. 400ಕ್ಕೆ 10 ನಿಮಿಷ, 200ಕ್ಕೆ 4 ನಿಮಿಷ 40 ಸೆಕೆಂಡು ಬಂತೆನ್ನಿ. ವ್ಯತ್ಯಾಸ 5 ನಿಮಿಷ 20 ಸೆಕೆಂಡು. ಅದರ ಅರ್ಧ, 2 ನಿಮಿಷ 40 ಸೆಕೆಂಡು, ನೀವು 100 ಮೀಟರಿಗೆ ದೀರ್ಘಕಾಲ ಕಾಯ್ದುಕೊಳ್ಳಬಲ್ಲ ವೇಗದ ಅಂದಾಜು. ವಾರದಲ್ಲಿ ಒಂದು ದಿನ ಆ ವೇಗದ ಆಸುಪಾಸಿನಲ್ಲಿ ನೂರರ ತುಂಡು ಈಜಿ. ಮಿಕ್ಕ ಎರಡು ದಿನ ಅದಕ್ಕಿಂತ ನಿಧಾನ. ಕೈಯಲ್ಲಿ ಸ್ಮಾರ್ಟ್‌ವಾಚ್ ಕಟ್ಟಿಕೊಂಡವರು ಒಂದು ಮಾತು ನೆನಪಿಡಬೇಕು: ಮಲಗಿದ ಭಂಗಿ, ನೀರಿನ ತಂಪು, ಎದೆಗೆ ಮರಳುವ ರಕ್ತ ಎಲ್ಲ ಸೇರಿ ಈಜಿನಲ್ಲಿ ಹೃದಯ ಬಡಿತ ಓಟಕ್ಕಿಂತ ನಿಮಿಷಕ್ಕೆ ಹತ್ತರಷ್ಟು ಕಡಿಮೆಯೇ ಇರುತ್ತದೆ. ಓಟದ ಸಂಖ್ಯೆ ಮುಟ್ಟಲು ಒದ್ದಾಡಬೇಡಿ.

ಬೆಂಗಳೂರಿನ ಪೂಲುಗಳಲ್ಲಿ ತಯಾರಾಗಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಈಜಿದ ಗಗನ್ ಉಳ್ಳಾಲ್‌ಮಠ್, 14ನೇ ವಯಸ್ಸಿಗೆ 2024ರ ಪ್ಯಾರಿಸ್‌ನಲ್ಲಿ 200 ಮೀಟರಿಗೆ ಇಳಿದ ಧಿನಿಧಿ ದೇಸಿಂಗು ಇವರ ಮಟ್ಟ ಬೇರೆ. ಆದರೂ ಆ ಮಟ್ಟದ ತರಬೇತಿಯಲ್ಲೂ ಈಜುವ ದೂರದ ದೊಡ್ಡ ಪಾಲು ಆರಾಮದ ವೇಗದ್ದೇ. ನಾವು ಟೀವಿಯಲ್ಲಿ ಕಾಣುವುದು ಉಳಿದ ಪಾಲನ್ನು.

ಕೊಡಗಿನವರಿಗೆ ಎರಡು ನೆಪ ಸುಲಭವಾಗಿ ಸಿಗುತ್ತವೆ. ಒಂದು ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಕಡಿಮೆ. ಕರಾವಳಿಯಿಂದ ಬಂದವರಿಗೆ ಮೊದಲ ದಿನಗಳಲ್ಲಿ ತುಸು ಗೊತ್ತಾದೀತು. ಇಲ್ಲೇ ಹುಟ್ಟಿ ಬೆಳೆದವರು ಎರಡನೇ ಲ್ಯಾಪಿಗೆ ನಿಂತರೆ ಅದಕ್ಕೆ ಬೆಟ್ಟ ಕಾರಣವಲ್ಲ.

ಎರಡನೆಯದು ಮಳೆ. ಇದು ಬರೀ ನೆಪವಲ್ಲ. ಬೇರೆಯವರು ಮಿಲಿಮೀಟರಿನಲ್ಲಿ ಹೇಳುವ ಮಳೆಯನ್ನು ತೋಟದವರು ಇಂದಿಗೂ ಇಂಚು, ಸೆಂಟುಗಳಲ್ಲಿ ಡೈರಿಯಲ್ಲಿ ಬರೆದಿಡುವ ಜಿಲ್ಲೆ ಇದು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲೆ ಚಾವಣಿಯಿಲ್ಲದ ಪೂಲಿನಲ್ಲಿ ಆ ತಿಂಗಳುಗಳು ಕಷ್ಟ. ಡಿಸೆಂಬರ್ ಬಂದರೆ ಕಾಫಿ ಕುಯ್ಲು, ಜೊತೆಗೆ ಚಳಿ. ಸ್ಪರ್ಧೆಯ ಪೂಲಿನ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ. ಬಿಸಿ ಮಾಡದ ಪೂಲಿನಲ್ಲಿ ಜನವರಿಯ ಬೆಳಗ್ಗೆ ಅದರ ಹತ್ತಿರವೂ ಇರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ತಣ್ಣೀರಿಗೆ ಧುಮುಕಿದೊಡನೆ ಬೇಡವೆಂದರೂ ಉಸಿರು ಎಳೆದುಕೊಳ್ಳುತ್ತದೆ, ಉಸಿರಿನ ತಾಳ ತಪ್ಪುತ್ತದೆ. ಮೆಟ್ಟಿಲಿನಿಂದ ಇಳಿದು, ಮುಖಕ್ಕೆ ನೀರು ಹಾಕಿಕೊಂಡು, ಉಸಿರು ಸಮವಾದ ಮೇಲೆ ಹೊರಡಿ. ಸಾಧ್ಯವಾದರೆ ಮಧ್ಯಾಹ್ನದ ಮೇಲೆ ಹೋಗಿ. ಊಟವಾದ ಕೂಡಲೇ ಬೇಡ. ಮುಳುಗುತ್ತೀರೆಂದಲ್ಲ, ಪಂದಿ ಕರಿ, ಕಡಂಬುಟ್ಟು ಹೊಟ್ಟೆಯಲ್ಲಿರುವಾಗ ಮುಖ ಕೆಳಗೆ ಮಾಡಿ ಲ್ಯಾಪ್ ಹೊಡೆಯುವ ಉಮೇದು ಯಾರಿಗೂ ಬರದು.

ಈಜು ಬಿಟ್ಟ ಮೂರು ನಾಲ್ಕು ವಾರದಲ್ಲೇ ಕಟ್ಟಿದ ತಾಕತ್ತು ಸೋರಲು ತೊಡಗುತ್ತದೆ. ಮಳೆಗಾಲದಲ್ಲಿ ಅದನ್ನು ಪೂರ್ತಿ ಉಳಿಸಿಕೊಳ್ಳಲಾಗದು, ಅರ್ಧ ಉಳಿಸಿಕೊಳ್ಳಬಹುದು. ಏರು ಹತ್ತುವ ನಡಿಗೆ ಹೃದಯಕ್ಕೆ ಸಾಕು. ಬಾಗಿಲ ಚಿಲಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಬಾಗಿ ನಿಂತು, ಈಜಿನ ಹಾಗೆಯೇ ಕೈಯನ್ನು ಸೊಂಟದವರೆಗೆ ಎಳೆಯುವುದು ಭುಜಕ್ಕೂ ಬೆನ್ನಿಗೂ ಒಳ್ಳೆಯದು. ಹಾಕಿಯವರು ದಿನವೂ ಮೊಣಕಾಲೂರಿ ಹಿಮ್ಮಡಿಯ ಮೇಲೆ ಕೂತು ಕಾಲ್ಗಂಟು ಸಡಿಲಿಸಿಕೊಳ್ಳಲಿ. ಕಾವೇರಿ ಸಂಕ್ರಮಣದ ಹೊತ್ತಿಗೆ ಮತ್ತೆ ನೀರಿಗಿಳಿದಾಗ, ಜೂನಿಗೆ ಮೊದಲು ಈಜುತ್ತಿದ್ದುದರ ಅರ್ಧದಿಂದ ಆರಂಭಿಸಿ. ಒಮ್ಮೆ ಕಟ್ಟಿದ್ದು ಎರಡನೇ ಸಲ ಬೇಗ ಮರಳುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದಮ್ಮು ಬೆಳೆಸಲು ನೀರಿನಡಿ ಉಸಿರು ಹಿಡಿದು ಲ್ಯಾಪ್ ದಾಟುವ ಪಂಥ ಹುಡುಗರಲ್ಲಿದೆ. ಅದಕ್ಕೆ ಮೊದಲು ಜೋರುಜೋರಾಗಿ ಹತ್ತಾರು ಸಲ ಉಸಿರಾಡಿಕೊಳ್ಳುತ್ತಾರೆ. ಹಾಗೆ ಮಾಡಿದಾಗ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತದೆ, ಮಿದುಳಿನ ಎಚ್ಚರಿಕೆ ಗಂಟೆ ಬಾರಿಸುವುದೇ ಇಲ್ಲ. ಆಮ್ಲಜನಕ ಮುಗಿದು ನೀರಿನೊಳಗೇ ಎಚ್ಚರ ತಪ್ಪುತ್ತದೆ, ಒದ್ದಾಟವಿಲ್ಲ, ಸದ್ದಿಲ್ಲ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುವುದು. ಪೂಲಿನಲ್ಲಿ ಯಾರಾದರೂ ಈ ಆಟ ಆಡುತ್ತಿದ್ದರೆ ತಡೆಯಿರಿ.

ಹೊಳೆಯೂ ಹಾಗೆಯೇ. ಪೂಲಿನಲ್ಲಿ 40 ಲ್ಯಾಪ್ ಮುಗಿಸಿದವರು ಹಾರಂಗಿ ಹಿನ್ನೀರಿಗೋ ದುಬಾರೆ ಬಳಿಯ ಕಾವೇರಿಗೋ ಧೈರ್ಯದಿಂದ ಇಳಿದಾರು. ಅಲ್ಲಿ 25 ಮೀಟರಿಗೊಂದು ಗೋಡೆ ಇಲ್ಲ. ಬಂಡೆಗೆ ಪಾಚಿ, ತಳದಲ್ಲಿ ಸುಳಿ. ಇಲ್ಲಿ ಬಿಸಿಲಿದ್ದರೂ ಮೇಲೆ ಭಾಗಮಂಡಲದ ಕಡೆ ಸುರಿದ ಮಳೆ ಹೊಳೆಯನ್ನು ಏರಿಸುತ್ತದೆ. ಚೇಲಾವರ ಜಲಪಾತದ ಕೆಳಗಿನ ಗುಂಡಿ ಎಷ್ಟು ಯುವಕರನ್ನು ನುಂಗಿದೆಯೆಂದು ಆ ಊರಿನವರನ್ನು ಕೇಳಿ. ಜಗತ್ತಿನಲ್ಲಿ 2021ರ ಒಂದೇ ವರ್ಷ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಂದೆರಡು ಪೆಗ್ ಹಾಕಿಕೊಂಡು ನೀರಿಗಿಳಿಯುವವರಿಗೆ ಯಾವ ಸ್ಟ್ಯಾಮಿನಾವೂ ನೆರವಾಗದು.

ಇಷ್ಟೆಲ್ಲ ಬರೆಯುವಾಗ ಒಂದು ಇರುಸುಮುರುಸು ಇದ್ದೇ ಇದೆ. ವಾರಕ್ಕೆ ಮೂರು ದಿನ ಈಜಿ ಎಂದೆ. ಎಲ್ಲಿ? ರೆಸಾರ್ಟುಗಳ ಪೂಲುಗಳು ಬೇಕಾದಷ್ಟಿವೆ. ಗೋಡಂಬಿಯ ಆಕಾರದ, ಹತ್ತು ಹನ್ನೆರಡು ಮೀಟರಿನ, ಫೋಟೋ ತೆಗೆಸಿಕೊಳ್ಳಲು ಮಾಡಿದ ಪೂಲುಗಳು. ಅಲ್ಲಿ ಲ್ಯಾಪ್ ಹೊಡೆಯುವಂತಿಲ್ಲ, ಊರವರಿಗೆ ಪ್ರವೇಶವೂ ಇಲ್ಲ. ಜನಸಾಮಾನ್ಯರು ನೂರಿನ್ನೂರು ರೂಪಾಯಿ ಕೊಟ್ಟು ಹೋಗಬಹುದಾದ, ಲೇನು ಹಾಕಿದ ಕೊಳಗಳು ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು. ಮಕ್ಕಳು ಈಜು ಕಲಿಯಲು ಹೊಳೆಗೇ ಹೋಗಬೇಕಾದ ಸ್ಥಿತಿಗೂ ಪ್ರತಿ ಬೇಸಿಗೆಯ ಸಾವಿನ ಸುದ್ದಿಗೂ ನಂಟಿಲ್ಲವೆಂದು ಹೇಳಲಾಗದು.

ಹಾಕಿಗಾಗಿ ಸೋಮವಾರಪೇಟೆ, ಪೊನ್ನಂಪೇಟೆ, ಕೂಡಿಗೆಗಳಿಗೆ ಸಿಂಥೆಟಿಕ್ ಟರ್ಫ್ ಬಂತು, ಜನ ಕೇಳಿದ್ದರಿಂದ ಬಂತು. ಜಿಲ್ಲೆಯಲ್ಲೀಗ ಐದು ತಾಲ್ಲೂಕುಗಳಿವೆ. ತಾಲ್ಲೂಕಿಗೊಂದು 25 ಮೀಟರಿನ ಸಾದಾ ಕೊಳ, ಮೇಲೊಂದು ಶೀಟಿನ ಚಾವಣಿ, ಒಬ್ಬ ಜೀವರಕ್ಷಕ, ವರ್ಷವಿಡೀ ತೆರೆದಿರುವ ವ್ಯವಸ್ಥೆ, ಇಷ್ಟನ್ನು ಶಾಸಕರ ಮುಂದೆಯೂ ಜಿಲ್ಲಾಡಳಿತದ ಮುಂದೆಯೂ ಇಡಬೇಕಾದವರು ನೀವೇ. ಮುಂದಿನ ಕ್ರೀಡಾ ಬಜೆಟ್‌ಗೆ ಮೊದಲು ಅರ್ಜಿ ಕೊಡಿ.